ವೈನಿಯ ಸಲಾಯಿನ್ ಬಾಟ್ಲಿ

ಬಂಗಾರ, ಸೀರೆ, ನೌಕರಿ ನೋಡಿ ಹೊಟ್ಟೆಕಿಚ್ಚು ಪಡುವವರು ಎಲ್ಲ ಊರಲ್ಲೂ ಇದ್ದಾರೆ. ನನ್ನದು ಅಷ್ಟು ಮರ್ಯಾದೆಯದಲ್ಲ. ನಾನು ನಮ್ಮ ವೈನಿಯ ಜ್ವರ ನೋಡಿ ಹೊಟ್ಟೆಕಿಚ್ಚು ಪಟ್ಟವಳು.

ವೈನಿ, ಅಂದರೆ ನಮ್ಮಣ್ಣನ ಹೆಂಡತಿ, ತುಸು ಮೈ ಬಿಸಿಯಾದರೂ ಅಫಜಲಪುರಕ್ಕೆ ಹೋಗಿ ಸಲಾಯಿನ್ ಹಚ್ಚಿಸಿಕೊಂಡೇ ಬರುತ್ತಾರೆ. ಬರೀ ಗುಳಿಗೆ ಕೊಟ್ಟು ಕಳಿಸುವವರು ಅವರ ಪಾಲಿಗೆ ಡಾಕ್ಟರೇ ಅಲ್ಲ. ಕರಜಗಿಯ ನಮ್ಮ ಓಣಿಯೂ ಹಾಗೆಯೇ. ಗುಳಿಗೆ ನುಂಗಿದವರನ್ನು ಯಾರೂ ಕೇಳುವುದಿಲ್ಲ. ಬಾಟ್ಲಿ ಹಚ್ಚಿಸಿಕೊಂಡವರನ್ನು ಮಾತಾಡಿಸಲು ಬ್ರೆಡ್ಡು, ಬಿಸ್ಕತ್ತು, ಎಳನೀರು ಹಿಡಿದು ಬರುತ್ತಾರೆ. ಅವ್ವ ಸೊಸೆಯ ಹಣೆ ಒತ್ತುತ್ತ ಕೂಡುತ್ತಾಳೆ. ನನ್ನ ತಲೆಯನ್ನು ಅವ್ವ ಕೊನೆಯ ಸಲ ಮುಟ್ಟಿದ್ದು ಹೇನು ನೋಡಲು.

ಕಲಬುರಗಿಯಲ್ಲಿ ಪರಿಸರ ವಿಜ್ಞಾನ ಓದಿ ಬಂದ ನಾನು ಈ ಹೊಟ್ಟೆಕಿಚ್ಚಿಗೆ ಪರಿಸರ ಕಾಳಜಿ ಎಂಬ ಒಳ್ಳೆಯ ಹೆಸರಿಟ್ಟೆ. ಬೇಡದ ಒಂದು ಬಾಟ್ಲಿಯ ಹಿಂದೆ ಎಷ್ಟು ಪ್ಲಾಸ್ಟಿಕ್ಕು, ಎಷ್ಟು ಸೂಜಿ, ಅದನ್ನೆಲ್ಲ ಸುಟ್ಟರೆ ಎಂಥ ಹೊಗೆ ಎಂದು ವಿವರಿಸಿದೆ. ವೈನಿ ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತ ಪೂರ್ತಿ ಕೇಳಿದರು. "ನಿನಗ ಜಡ್ಡು ಬರ್ಲಿ, ಆಗ ಗೊತ್ತಾಗ್ತದ" ಎಂದರು.

ಬಂದದ್ದು ಜಡ್ಡಲ್ಲ, ಜಾಲಿಮುಳ್ಳು. ಹೊಲದಲ್ಲಿ ಹಿಮ್ಮಡಿಗೆ ನಟ್ಟಿತು. ಮಾತು ಉಳಿಸಿಕೊಳ್ಳಬೇಕಲ್ಲ, ಅರಿಶಿನ ಮೆತ್ತಿ ಸುಮ್ಮನಾದೆ. ಮೂರನೇ ದಿನ ಪಾದ ಬಾತು ಚಪ್ಪಲಿಯಲ್ಲಿ ಹಿಡಿಸಲಿಲ್ಲ. ಅದು ಯಾರಿಗೂ ಕಾಣದಂತೆ ಸೀರೆಯನ್ನು ಇಳಿಬಿಟ್ಟು ಉಟ್ಟೆ. ಐದನೇ ದಿನ ಚಳಿಜ್ವರ. ನಾನು ಕುಂಟುವುದನ್ನು ಕಂಡುಹಿಡಿದವರು ವೈನಿಯೇ. ಅಣ್ಣನ ಬೈಕಿನ ಮೇಲೆ ನನ್ನನ್ನು ನಡುವೆ ಕೂರಿಸಿ, ಅಫಜಲಪುರದವರೆಗೂ ಹಿಂದಿನಿಂದ ತಬ್ಬಿ ಹಿಡಿದುಕೊಂಡು ಬಂದರು.

"ಮೊದಲನೇ ದಿನಾನೇ ಬಂದಿದ್ರ ಒಂದು ಇಂಜೆಕ್ಷನ್, ನಾಕು ಗುಳಿಗಿನಾಗ ಮುಗೀತಿತ್ರಿ. ಇನ್ನೆರಡು ದಿನ ತಡದಿದ್ರ ಕಾಲಿಗೇ ಕುತ್ತು ಬರ್ತಿತ್ತು" ಎಂದರು ಡಾಕ್ಟರು. ನಾಲ್ಕು ದಿನ ದವಾಖಾನೆಯಲ್ಲೇ ಮಲಗಿಸಿ ಬಾಟ್ಲಿ ಹಚ್ಚಿದರು. "ಹೆಂಗೂ ಬಂದಂಗಾತು, ನನಗೂ ಒಂದು ಬಾಟ್ಲಿ ಹಚ್ಚಿಬಿಡ್ರಿ" ಎಂದು ವೈನಿ ಕೇಳಿದ್ದಕ್ಕೆ, ಮನೆಗೆ ಹೋಗಿ ಒಂದು ತಂಬಿಗೆ ನೀರು ಕುಡಿಯಲು ಹೇಳಿದರು.

ಓಣಿಗೆ ಓಣಿಯೇ ಎಳನೀರು ಹಿಡಿದು ಬಂತು. ಅವ್ವ ನನ್ನ ಹಣೆ ಒತ್ತಿದಳು. ವೈನಿ ಮಂಚದ ತುದಿಯಲ್ಲಿ ಕೂತು, ಮೇಲೆ ತೂಗುತ್ತಿದ್ದ ಬಾಟ್ಲಿಯನ್ನೇ ನೋಡುತ್ತಿದ್ದರು. ಆ ನೋಟದ ಪರಿಚಯ ನನಗೆ ಚೆನ್ನಾಗಿಯೇ ಇತ್ತು.

"ಒಟ್ಟು ಎಷ್ಟಾದ್ವು ಸುಜಾತಾ?"

"ಹನ್ನೊಂದು" ಎಂದೆ. ವೈನಿ ಇಡೀ ವರ್ಷದಲ್ಲಿ ಏರಿಸಿಕೊಂಡದ್ದಕ್ಕಿಂತ ಎರಡು ಹೆಚ್ಚು. ಎಣಿಸುತ್ತ ಬಂದವಳು ನಾನೇ.

ಅಷ್ಟರಲ್ಲಿ ಡಾಕ್ಟರು ಬಂದು, ನಾಳೆ ಮನೆಗೆ ಹೋಗಬಹುದು ಎಂದರು. ಅವ್ವನ ಕೈ ಇನ್ನೂ ಹಣೆಯ ಮೇಲಿತ್ತು.

"ಇನ್ನೊಂದು ದಿನ ಇರ್ಲೇನ್ರಿ?" ಎಂದೆ.