ಪಾರ್ಕಿನಲ್ಲಿ ನಾನು ಅತ್ತದ್ದು

ಕೆಲವರಿಗೆ ಅಳು ಕರೆದ ಕೂಡಲೇ ಬರುತ್ತದೆ. ನನಗೆ ಬರುವುದಿಲ್ಲ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ, ಅದೊಂದು ಕೊರತೆ ಎಂದು ನನಗೂ ಗೊತ್ತು. ದುಃಖವೇ ಆಗುವುದಿಲ್ಲ ಎಂದಲ್ಲ. ಎಲ್ಲರಿಗೂ ಆಗುವಷ್ಟು ನನಗೂ ಆಗುತ್ತದೆ. ಆದರೆ ಅದು ಕಣ್ಣಿಗೆ ಬರುವ ಬದಲು ಕೈಕಾಲಿಗೆ ಇಳಿದುಬಿಡುತ್ತದೆ, ನಾನು ಏನಾದರೊಂದು ಕೆಲಸ ಹುಡುಕಿಕೊಂಡು ಓಡಾಡುತ್ತೇನೆ. ಆರು ವರ್ಷದ ಹಿಂದೆ ಒಬ್ಬಳೇ ಮಗಳು ಸುಮಾಳನ್ನು ಹಾವೇರಿಗೆ ಕೊಟ್ಟಾಗ, ಹೆಣ್ಣು ಒಪ್ಪಿಸುವ ಹೊತ್ತಿನಲ್ಲಿ ಇಡೀ ಕಲ್ಯಾಣ ಮಂಟಪವೇ ಅಳುತ್ತಿತ್ತು. ಹೆಂಡತಿ ಅತ್ತಳು, ಅವಳ ತಂಗಿಯರು ಅತ್ತರು, ಸೊಸೆ ಸಿಕ್ಕ ಸಂತೋಷದಲ್ಲಿರಬೇಕಾದ ಬೀಗಿತ್ತಿಯೂ ಅತ್ತರು. ಶಹನಾಯಿಯವನು ಊದುವುದನ್ನು ನಿಲ್ಲಿಸಿ ಕಣ್ಣೊರೆಸಿಕೊಂಡ. ಆಗ ನಾನು ಹಿಂದಿನ ಅಡುಗೆಮನೆಯಲ್ಲಿ ನಿಂತು ಬಾಡಿಗೆಗೆ ತಂದ ಸೌಟುಗಳೆಲ್ಲ ಇವೆಯೋ ಇಲ್ಲವೋ ಎಂದು ನೋಡುತ್ತಿದ್ದೆ. ಯಾರೋ ಬಂದು ಕೈಹಿಡಿದು ಎಳೆದುಕೊಂಡು ಹೋದರು. ಮಗಳ ಕೈಯನ್ನು ಬೀಗರ ಕೈಯಲ್ಲಿಟ್ಟು ನಾನು ಆಡಿದ್ದು ಒಂದೇ ಮಾತು: "ಲಗೂ ಹೊಂಡ್ರಿ, ಆಮ್ಯಾಲೆ ಹೈವೇದಾಗ ಟ್ರಾಫಿಕ್ ಆಕ್ಕೈತಿ."

ರಾಣೇಬೆನ್ನೂರಿನಿಂದ ಹಾವೇರಿಗೆ ಮುಕ್ಕಾಲು ಗಂಟೆಯ ದಾರಿ. ಅಷ್ಟಕ್ಕೆ ಟ್ರಾಫಿಕ್ಕಿನ ಚಿಂತೆ ಮಾಡಿದ ಅಪ್ಪನನ್ನು ನಮ್ಮಾಕೆ ಇವತ್ತಿಗೂ ಕ್ಷಮಿಸಿಲ್ಲ. ಯಾವ ಮದುವೆಗೆ ಹೋಗಿ ಬಂದರೂ ಅವಳ ಮಾತು ಅಲ್ಲಿಗೇ ಬಂದು ನಿಲ್ಲುತ್ತದೆ. "ಆ ಹುಡುಗಿ ಕಾರಿನಾಗ ಕುಂತು ಹೊಳ್ಳಿ ಹೊಳ್ಳಿ ನಿಮ್ಮನ್ನ ನೋಡಿದ್ಲು. ನೀವು ಗಡಿಯಾರ ನೋಡಿದ್ರಿ" ಎನ್ನುತ್ತಾಳೆ. ನಿಜ, ನೋಡಿದ್ದೆ. ಆಗ ಎಷ್ಟು ಗಂಟೆಯಾಗಿತ್ತು ಎಂದು ಮಾತ್ರ ಇವತ್ತಿನವರೆಗೆ ನನಗೆ ನೆನಪಾಗಿಲ್ಲ.

ಇಂಥವನನ್ನು ಹುಡುಕಿ ನಾಟಕದಲ್ಲಿ ಅಳುವ ಅಪ್ಪನ ಪಾತ್ರ ಕೊಟ್ಟವರು ಹೊಸಮನಿ ಮಾಸ್ತರರು. ಅವರು ಚಿತ್ರಕಲೆಯ ಮಾಸ್ತರರಾಗಿದ್ದು ನಿವೃತ್ತರಾದವರು, ನಮ್ಮ ಬಡಾವಣೆಯವರೇ. ಬೇಸಿಗೆ ಬಂತೆಂದರೆ ಬಡಾವಣೆಯ ಹತ್ತಾರು ಜನರನ್ನು ಕೂಡಿಸಿ, ತಾವೇ ಬರೆದ ಒಂದು ನಾಟಕವನ್ನು ಪಾರ್ಕುಗಳಲ್ಲಿ ಪುಕ್ಕಟೆಯಾಗಿ ಆಡಿಸುತ್ತಾರೆ. ರವಿವಾರ ಸಂಜೆ ಐದೂವರೆಗೆ ಶುರು, ಬೆಳಕಿರುವಾಗಲೇ ಮುಗಿತಾಯ. ಪರದೆಯಿಲ್ಲ, ಮೈಕಿಲ್ಲ, ವೇದಿಕೆಯಿಲ್ಲ. ಹುಲ್ಲಿನ ಮೇಲೆ ಒಂದು ಜಮಖಾನೆ ಹಾಸಿದರೆ ಅದೇ ಅರಮನೆ, ಅದೇ ಗುಡಿಸಲು. ಈ ವರ್ಷದ ಆಟಗಳು ಮೊದಲು ನಮ್ಮೂರಲ್ಲಿ, ಆಮೇಲೆ ಬ್ಯಾಡಗಿಯಲ್ಲಿ, ಕೊನೆಗೆ ಹಾವೇರಿಯಲ್ಲಿ ಎಂದು ಗೊತ್ತಾಗಿತ್ತು. ಕಥೆ ಬಹಳ ದೊಡ್ಡದಲ್ಲ. ತಾಯಿಯಿಲ್ಲದ ಮಗಳನ್ನು ಅಪ್ಪ ಸಾಕುತ್ತಾನೆ, ಮದುವೆ ಮಾಡುತ್ತಾನೆ, ಗಂಡನ ಮನೆಗೆ ಕಳಿಸುವಾಗ ಬಿಕ್ಕಿ ಬಿಕ್ಕಿ ಅಳುತ್ತಾನೆ. ನನ್ನನ್ನೇ ಯಾಕೆ ಆರಿಸಿದಿರಿ ಎಂದು ಕೇಳಿದ್ದಕ್ಕೆ ಮಾಸ್ತರರು, "ಬಸಣ್ಣ, ನಿಮ್ಮ ಮೀಸಿ ಅಪ್ಪನ ಮೀಸಿ ಇದ್ದಂಗ ಐತಿ. ಮ್ಯಾಲೆ ರವಿವಾರ ನಿಮ್ಮ ಬೀಜದ ಅಂಗಡಿ ಬಂದ್ ಇರತೈತಿ" ಎಂದರು. ನಟನೆಯ ಬಗ್ಗೆ ಒಂದು ಮಾತೂ ಬರಲಿಲ್ಲ ಎಂಬುದನ್ನು ನಾನು ಆಗಲೇ ಗಮನಿಸಬೇಕಿತ್ತು.

ಪುಕ್ಕಟೆ ನಾಟಕದ ಪ್ರೇಕ್ಷಕರ ಬಗ್ಗೆ ಎರಡು ಮಾತು ಹೇಳಲೇಬೇಕು. ಟಿಕೇಟು ಕೊಂಡವನು ನಾಟಕ ಹೇಗಿದ್ದರೂ ಕೊನೆಯವರೆಗೆ ಕೂಡುತ್ತಾನೆ. ಪುಕ್ಕಟೆ ಬಂದವನಿಗೆ ಅಂಥ ದಾಕ್ಷಿಣ್ಯ ಇಲ್ಲ. ಮುಂದಿನ ಸಾಲಿನಲ್ಲಿ ಚುರುಮುರಿ ತಿನ್ನುತ್ತ ಕೂತವರು ಪೊಟ್ಟಣ ಖಾಲಿಯಾದ ಕೂಡಲೇ ಎದ್ದು ಹೋಗುತ್ತಾರೆ. ಅದಕ್ಕಿಂತ ದೊಡ್ಡ ಕಷ್ಟ ಎಂದರೆ ವಾಕಿಂಗಿಗೆ ಬಂದವರು. ಪಾರ್ಕಿನ ಕಾಲುದಾರಿ ನಮ್ಮ ಜಮಖಾನೆಯ ಮಗ್ಗುಲಿಗೇ ಹಾಯುತ್ತದೆ. ನಮ್ಮೂರಿನ ಮೊದಲ ಆಟದಲ್ಲಿ ಸಕ್ಕರೆ ಕಾಯಿಲೆಯ ವಕೀಲರೊಬ್ಬರು ಒಂದೊಂದು ಸುತ್ತಿಗೂ ಕಥೆ ಎಲ್ಲಿಗೆ ಬಂತೆಂದು ವಿಚಾರಿಸುತ್ತಿದ್ದರು. ಒಂದು ಸುತ್ತಿನಲ್ಲಿ "ಲಗ್ನ ಆತೇನ್ರಿ?" ಎಂದರು. ನಾನು ಪಾತ್ರದೊಳಗೇ ಇದ್ದು "ಆತ್ರಿ" ಎಂದೆ. ಮುಂದಿನ ಸುತ್ತಿನಲ್ಲಿ "ಇನ್ನೂ ಹೋಗಿಲ್ಲೇನ್ರಿ ಆಕಿ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಸರಸರ ನಡೆದರು.

ಅವರ ಅವಸರಕ್ಕೆ ಅರ್ಥವಿತ್ತು. ಯಾಕೆಂದರೆ ಮಗಳು ಹೊರಡಲು ಸಿದ್ಧಳಾಗಿ ನಿಂತಿದ್ದಳು, ನನಗೆ ಅಳು ಬರದೆ ನಾಟಕ ಅಲ್ಲೇ ನಿಂತಿತ್ತು. ಮಗಳಾಗಿದ್ದ ವೀಣಾ ಟೀಚರು ತಮ್ಮ ಪಾಲಿನದನ್ನು ಚೆನ್ನಾಗಿ ಅತ್ತು ಮುಗಿಸಿ, ಇನ್ನು ನಿಮ್ಮ ಸರದಿ ಎನ್ನುವಂತೆ ನನ್ನ ಮುಖ ನೋಡಿದರು. ನಾನು ಹುಬ್ಬು ಗಂಟಿಕ್ಕಿದೆ, ಮೂಗು ಏರಿಸಿದೆ, ಟವೆಲನ್ನು ಬಾಯಿಗೆ ಒತ್ತಿಕೊಂಡೆ. ಮುಂದೆ ಕೂತಿದ್ದ ಅಜ್ಜಿಯೊಬ್ಬಳು ಪಕ್ಕದವಳಿಗೆ, "ಹಲ್ಲು ನೋಯ್ತಾವೇನೋ ಪಾಪ" ಎಂದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಆಟ ಮುಗಿದ ಮೇಲೆ ಮಾಸ್ತರರು ಪಕ್ಕಕ್ಕೆ ಕರೆದು, ಬ್ಯಾಡಗಿಯಲ್ಲೂ ಹೀಗೇ ಆದರೆ ಪಾತ್ರವನ್ನು ಪಂಪ್‌ಸೆಟ್ ಅಂಗಡಿಯ ಕೊಟ್ರಪ್ಪನಿಗೆ ಕೊಡುವುದಾಗಿ ಹೇಳಿದರು. ಕೊಟ್ರಪ್ಪ ಹಾಲು ಒಡೆದರೂ ಅಳುವ ಮನುಷ್ಯ. ಮನೆಗೆ ಬಂದರೆ ನಮ್ಮಾಕೆ, "ಸ್ವಂತ ಮಗಳಿಗೆ ಅಳಲಾರದವರು ಟೀಚರ್ ಸಲುವಾಗಿ ಅಳತೀರೇನು" ಎಂದಳು. ಪಾತ್ರ ಹೋದರೆ ಹೋಗಲಿ ಎನ್ನಬಹುದಿತ್ತು. ಆದರೆ ಆ ಮಾತು ಮಾತ್ರ ನನಗೆ ನಾಟಿತು. ಹೇಗಾದರೂ ಮಾಡಿ ಒಂದು ಸಲ ಅವಳೆದುರು ಅಳಲೇಬೇಕು ಎಂಬ ಹಟ ಹುಟ್ಟಿತು.

ಬ್ಯಾಡಗಿ ನಮ್ಮಾಕೆಯ ತವರು. ಅಲ್ಲಿ ಮುಂದಿನೆರಡು ಸಾಲು ಪೂರ್ತಿ ನನ್ನ ಬೀಗರು ಬಿಜ್ಜರೇ ತುಂಬಿದ್ದರು. ಮರುದಿನ ಮೆಣಸಿನಕಾಯಿ ಪೇಟೆ ಇದ್ದದ್ದರಿಂದ ಪಾರ್ಕಿನಾಚೆಯ ರಸ್ತೆಯಲ್ಲಿ ಲಾರಿಗಳು ಸಾಲುಗಟ್ಟಿ ಚೀಲ ಇಳಿಸುತ್ತಿದ್ದವು. ಎಲ್ಲೆಲ್ಲಿಂದಲೋ ಬಂದ ಖಾರದ ಜಾತಿಗಳೂ ಅದರಲ್ಲಿದ್ದಿರಬೇಕು. ನಾನು ಮಗಳ ಕೈ ಹಿಡಿದು "ಹೋಗಿ ಬಾ ತಾಯಿ" ಎಂದು ಬಾಯಿ ತೆರೆಯುವುದಕ್ಕೂ ಗಾಳಿ ನಮ್ಮ ಕಡೆ ತಿರುಗುವುದಕ್ಕೂ ಸರಿಹೋಯಿತು. ಆಮೇಲೆ ಏನು ಹೇಳಲಿ! ಎರಡೂ ಕಣ್ಣಿಂದ ನೀರು ಧಾರಾಕಾರ ಸುರಿಯಿತು. ಮೂಗು ಸುರಿಯಿತು. ಗಂಟಲು ಕಟ್ಟಿ ಮಾತು ತುಂಡುತುಂಡಾಗಿ ಬಂತು. ವೀಣಾ ಟೀಚರು ಕೆಮ್ಮಿದ್ದು ಬಿಕ್ಕಿದಂತೆ ಕೇಳಿತು. ಹಾರ್ಮೋನಿಯಂ ಮುಂದೆ ಕೂತಿದ್ದ ಮಾಸ್ತರರೂ ಕಣ್ಣೊರೆಸಿಕೊಂಡರು. ಬ್ಯಾಡಗಿಯವರಿಗೆ ಮಾತ್ರ ಏನೂ ಆಗಲಿಲ್ಲ, ಹುಟ್ಟಿದಾಗಿನಿಂದ ಆ ಘಾಟಿನಲ್ಲೇ ಉಸಿರಾಡಿದವರು ಅವರು. ನನ್ನ ಅಳು ನೋಡಿ ಹೆಂಗಸರೆಲ್ಲ ಸೆರಗು ಕಣ್ಣಿಗೆ ಹಚ್ಚಿದರು. ಆಟ ಮುಗಿದ ಮೇಲೆ ನಮ್ಮಾಕೆ ಹತ್ತಿರ ಬಂದು ಬಹಳ ಹೊತ್ತು ನನ್ನನ್ನೇ ನೋಡಿದಳು. "ಅಂತೂ ನಿಮ್ಮ ಎದಿಯಾಗೂ ಏನೋ ಐತಿ ಬಿಡ್ರಿ" ಎಂದಳು.

ಆಗಲೇ ನಿಜ ಹೇಳಬೇಕಿತ್ತು. ಹೇಳಲಿಲ್ಲ. ಆ ವಾರ ಮನೆಯಲ್ಲಿ ಎರಡು ಸಲ ಹೋಳಿಗೆಯಾಯಿತು, ರೊಟ್ಟಿ ಬಿಸಿಬಿಸಿಯಾಗಿ ತಾಟಿಗೆ ಬಿತ್ತು. ಹೊಟ್ಟೆ ತುಂಬಿದ ಮನುಷ್ಯನಿಗೆ ಸತ್ಯ ಹೇಳುವ ತುರ್ತು ಕಡಿಮೆ. ಅಷ್ಟರಲ್ಲಿ ನಮ್ಮಾಕೆ ಹಾವೇರಿಗೆ ಫೋನ್ ಮಾಡಿ, "ಸುಮಾ, ನಿಮ್ಮಪ್ಪ ಅತ್ರವಾ" ಎಂದು ಮಗಳಿಗೂ ಹೇಳಿಬಿಟ್ಟಳು. ಮಗಳು ಫೋನನ್ನು ನನಗೆ ಕೊಡಿಸಿ, "ಖರೇನ ಅಪ್ಪಾ? ಹಂಗಾದ್ರ ಮುಂದಿನ ರವಿವಾರ ನಾ ಎಲ್ಲಾರಕಿಂತ ಮುಂದ ಕುಂದರತೇನಿ" ಎಂದಳು. ಅವಳ ದನಿಯಲ್ಲಿ ಇದ್ದ ಆಸೆ ಕೇಳಿ ನನಗೆ ಮೊದಲ ಸಲ ಹೆದರಿಕೆಯಾಯಿತು. ಹಾವೇರಿಯ ಪಾರ್ಕಿನ ಸುತ್ತ ಇರುವುದು ಮನೆಗಳು, ಆಫೀಸುಗಳು. ಅಲ್ಲಿ ಯಾವ ಗಾಳಿ ಬಂದು ನನ್ನನ್ನು ಅಳಿಸಬೇಕು?

ಆ ರವಿವಾರ ಹೊರಡುವ ಮೊದಲು ನಾನು ಅಡುಗೆಮನೆಗೆ ಹೋಗಿ, ನಮ್ಮಾಕೆಯ ತವರಿನಿಂದ ಬಂದ ಖಾರಪುಡಿಯ ಡಬ್ಬಿಯಿಂದ ಎರಡು ಚಮಚ ತೆಗೆದು, ಹೆಗಲ ಮೇಲಿನ ಬಿಳಿ ಟವೆಲಿನ ಮಡಿಕೆಯಲ್ಲಿಟ್ಟು ಗಂಟು ಹಾಕಿದೆ. ಈಗ ಹೇಳಲು ನಾಚಿಕೆಯಾಗುತ್ತದೆ. ಮೆಣಸಿನ ಬೀಜ ಮಾರುತ್ತ ಇಷ್ಟು ವರ್ಷ ಕಳೆದವನು ನಾನು. "ಬ್ಯಾಡಗಿ ಅಂದ್ರ ಬಣ್ಣಕ್ಕ, ಖಾರ ಬೇಕಂದ್ರ ಬ್ಯಾರೆ ಬೀಜ ಒಯ್ರಿ" ಎಂದು ರೈತರಿಗೆ ದಿನಕ್ಕೆ ಹತ್ತು ಸಲ ಹೇಳುವವನು ನಾನು. ಊರಿಗೆಲ್ಲ ಹೇಳುವ ಆ ಬುದ್ಧಿ ನನ್ನ ಅಗತ್ಯಕ್ಕೆ ಒದಗಲಿಲ್ಲ.

ಹಾವೇರಿಯಲ್ಲಿ ಸುಮಾ ಹೇಳಿದಂತೆ ಎಲ್ಲರಿಗಿಂತ ಮುಂದೆ, ನನ್ನಿಂದ ನಾಲ್ಕು ಮಾರು ದೂರದಲ್ಲಿ ಕೂತಿದ್ದಳು. ಪಕ್ಕದಲ್ಲಿ ನಮ್ಮಾಕೆ. ಕಳಿಸಿಕೊಡುವ ಘಟ್ಟ ಬಂತು. ನಾನು ಮೆಲ್ಲಗೆ ಗಂಟು ಬಿಚ್ಚಿ, ಕಣ್ಣೊಳಗೆ ಹಾಕಿಕೊಳ್ಳುವ ಧೈರ್ಯ ಸಾಲದೆ, ಕಣ್ಣ ಕೆಳಗೆ ಟವೆಲು ಒತ್ತಿ ತಿಕ್ಕಿದೆ. ಕೊಂಚ ಚುರುಗುಟ್ಟಿತು, ಅಷ್ಟೇ. ಇನ್ನಷ್ಟು ತಿಕ್ಕಿದೆ. ಜನ ಮೊದಲು ಗುಸುಗುಸು ಎಂದರು, ಆಮೇಲೆ ನಕ್ಕರು. ಬೆವರಿಗೆ ಬಣ್ಣ ಕದಡಿ, ನನ್ನ ಹಣೆ, ಕೆನ್ನೆ, ಅಪ್ಪನ ಮೀಸೆ ಎಲ್ಲ ಕೆಂಪಾಗಿತ್ತು. ಇದೇನೂ ಗೊತ್ತಿರದ ವೀಣಾ ಟೀಚರು ನಾಟಕದಲ್ಲಿ ಇದ್ದಂತೆ ಓಡಿಬಂದು ನನ್ನ ಎದೆಗೆ ಮುಖವಿಟ್ಟರು. ತಲೆಯೆತ್ತಿದಾಗ ಅವರದೂ ಅರ್ಧ ಮುಖ ಕೆಂಪು. ಪಾರ್ಕಿಗೆ ಪಾರ್ಕೇ ಹೊಟ್ಟೆ ಹಿಡಿದುಕೊಂಡು ನಗತೊಡಗಿತು. ಮಾಸ್ತರರು ಹಾರ್ಮೋನಿಯಂ ಬಿಟ್ಟು ತಲೆಯ ಮೇಲೆ ಕೈಹೊತ್ತು ಕೂತರು.

ಆಗ ಸುಮಾ ಎದ್ದು ಬಂದಳು. ಎಲ್ಲರಂತೆ ಅವಳೂ ನಗುತ್ತಿದ್ದಾಳೆ ಎಂದುಕೊಂಡಿದ್ದೆ, ನಗುತ್ತಿರಲಿಲ್ಲ. ನೀರಿನ ಬಾಟಲಿ ಹಿಡಿದು ಜಮಖಾನೆ ದಾಟಿ ನನ್ನ ಮುಂದೆ ನಿಂತಳು. "ಕಣ್ಣು ಮುಚ್ಚು. ಅಳ್ಳಾಡಬ್ಯಾಡ. ಆತು, ಆತು, ಇನ್ನೊಂದೀಟ" ಎನ್ನುತ್ತ ಒಂದು ಕೈಯಲ್ಲಿ ನನ್ನ ಗದ್ದ ಹಿಡಿದು ಇನ್ನೊಂದರಲ್ಲಿ ಮುಖ ತೊಳೆಯತೊಡಗಿದಳು. ಅವಳು ಸಣ್ಣವಳಿದ್ದಾಗ ಪ್ರತಿದಿನ ಬೆಳಿಗ್ಗೆ ಶಾಲೆಗೆ ಹೊರಡುವ ಮುಂಚೆ, ಬಚ್ಚಲಲ್ಲಿ ಸೋಪು ಹಚ್ಚಿದ ಅವಳ ಮುಖ ಹಿಡಿದುಕೊಂಡು ನಾನು ಇದೇ ಮಾತು ಹೇಳುತ್ತಿದ್ದೆ. ಹೀಗೆಯೇ ಗದ್ದ ಹಿಡಿಯುತ್ತಿದ್ದೆ. ಇವಳು ಹೋಗಿ ಆರು ವರ್ಷವಾಯಿತು ಎಂಬುದು ನನಗೆ ತಿಳಿದದ್ದು ಅವತ್ತು, ಹಾವೇರಿಯ ಪಾರ್ಕಿನಲ್ಲಿ, ಮುನ್ನೂರು ಜನರೆದುರು. ಕೈಕಾಲಿಗೆ ಮಾಡಲು ಯಾವ ಕೆಲಸವೂ ಇರಲಿಲ್ಲ. ಅಳು ಬಂತು. ತಡೆಯಲು ನೋಡಿದೆ, ಆಗಲಿಲ್ಲ, ಹೆಗಲು ಅಲುಗುವಷ್ಟು ಅತ್ತೆ. "ಖಾರ ಹತ್ತೇತಿ ನೋಡ್ರಿ ಪಾಪ, ನೀರು ಹಾಕಿದ್ರ ಇನ್ನೂ ಉರೀತೈತಿ" ಎಂದು ಯಾರೋ ಅಂದರು. ಇದೂ ನಾಟಕದ ಭಾಗವೇ ಎಂದುಕೊಂಡು ಹಿಂದಿನವರು ಚಪ್ಪಾಳೆ ತಟ್ಟಿದರು.

ಹಿಂದಿರುಗುವಾಗ ಬಸ್ಸು ಮೋಟೆಬೆನ್ನೂರಿಗೆ ಬಂತು. ನಮ್ಮಾಕೆ ಕಿಟಕಿಯಾಚೆ ನೋಡುತ್ತಲೇ, "ಬ್ಯಾಡಗ್ಯಾಗ ನೀವು ಅತ್ತಿದ್ದು ಘಾಟಿಗೆ ಅಂತ ನನಗ ಆವತ್ತ ಗೊತ್ತಿತ್ತು. ನಾ ಅದ ಊರಾಕಿ" ಎಂದಳು. "ನಮ್ಮ ಡಬ್ಬ್ಯಾಗಿನ ಪುಡಿಗೆ ಯಾರ ಕಣ್ಣಾಗೂ ಅಷ್ಟು ನೀರು ಬರೂದಿಲ್ಲ, ಅದೂ ಗೊತ್ತೈತಿ. ಇವತ್ತು ಯಾತಕ್ಕ ಅತ್ರಿ, ಅದನ್ನಷ್ಟ ಹೇಳ್ರಿ" ಎಂದು ನನ್ನ ಕಡೆ ತಿರುಗಿದಳು.

ಆರು ವರ್ಷದಿಂದ ಅವಳು ಕೇಳಬೇಕೆಂದಿದ್ದ ಉತ್ತರ ಆ ಕ್ಷಣ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ನಾನು ಗಡಿಯಾರ ನೋಡಿಕೊಂಡು, "ಖಾರ ಹತ್ತಿತ್ತು" ಎಂದೆ.