ಗೋಣಿಚೀಲ ನಿಯಂತ್ರಣ ಕಚೇರಿಯ ದಂತರಕ್ಷಕ

೧೯೫೪ರಲ್ಲಿ ಬಾಂದ್ರಾದ ಗೋಣಿಚೀಲ ನಿಯಂತ್ರಣ ಕಚೇರಿಯಲ್ಲಿ ಎಪ್ಪತ್ತೊಂದು ಮಂದಿ ನೌಕರರೂ ಅವರ ಬಾಯಲ್ಲಿ ಒಟ್ಟು ಎರಡು ಸಾವಿರದ ಐವತ್ತಾರು ಹಲ್ಲುಗಳೂ ಇದ್ದವು. ಇವುಗಳ ಪೈಕಿ ಸರಕಾರದ ರಕ್ಷಣೆಗೆ ಅರ್ಹವೆಂದು ಕಂಡುಬಂದವು ಜವಾನ ಚೆನ್ನಯನ ಮೂವತ್ತೆರಡು ಮಾತ್ರ.

ಕಚೇರಿಗಳ ನಡುವಿನ ಬಾಕ್ಸಿಂಗ್ ಪಂದ್ಯಕ್ಕೆ ಅವನು ಆಯ್ಕೆಯಾಗಿದ್ದ. ಉಡುಪಿ ಕಡೆಯಿಂದ ಬಂದು ಮಾತುಂಗಾದ ಹೋಟೆಲೊಂದರಲ್ಲಿ ಐದು ವರ್ಷ ಇಡ್ಲಿ ಹಿಟ್ಟು ರುಬ್ಬಿದ ತೋಳು ಅವನದು. ಹೋದ ವರ್ಷದ ಪಂದ್ಯದಲ್ಲಿ ಮುಂದಿನ ಹಲ್ಲೊಂದು ಅಲುಗಾಡಿದಾಗ ಹೆಂಡತಿ ಶೀಲಾವತಿ, "ಹಲ್ಲು ಹೋದರೆ ನಾನು ಊರಿಗೆ ಹೋಗುತ್ತೇನೆ" ಎಂದಿದ್ದಳು. ಆದ್ದರಿಂದ ಚೆನ್ನಯ ಆಡುವಾಗ ಹಲ್ಲಿಗೆ ಕಚ್ಚಿಕೊಳ್ಳುವ ದಂತರಕ್ಷಕ ಬೇಕೆಂದು ಸಹಾಯಕ ನಿಯಂತ್ರಕ ಸತ್ಯಮೂರ್ತಿಯವರಿಗೆ ಅರ್ಜಿ ಕೊಟ್ಟ.

ಮೈಸೂರಿನವರಾದ ಸತ್ಯಮೂರ್ತಿಯವರಿಗೆ ಐವತ್ತೆರಡು ವರ್ಷ. ಯಾವ ಅರ್ಜಿಯನ್ನೂ ಅವರು ಉದಾಸೀನ ಮಾಡಿದವರಲ್ಲ. ಚೆನ್ನಯನನ್ನು ತಾವೇ ದಂತವೈದ್ಯ ನೀಲಕಂಠಪ್ಪನವರ ಬಳಿಗೆ ಕರೆದುಕೊಂಡು ಹೋದರು.

ಧಾರವಾಡದ ನೀಲಕಂಠಪ್ಪನವರು ವಿವರಿಸಿದರು: "ಅಂಗಡ್ಯಾಗ ಸಿಗೋ ರಬ್ಬರಿಂದು ಬ್ಯಾಡ್ರಿ, ಒಂದು ಏಟಿಗೆ ಹೊರಗ ಹಾರ್ತದ. ಆಡೋನ ಹಲ್ಲಿನ ಅಚ್ಚು ತಗದು ಮಾಡಿದ್ದ ಸೈ. ಹೂಂ, ಬಾಯಿ ತಗೀಪಾ."

ಚೆನ್ನಯ ಬಾಯಿ ತೆರೆದ. ಸತ್ಯಮೂರ್ತಿಯವರು ಕೈ ಅಡ್ಡ ಹಿಡಿದರು. "ತಡೀರಿ ಡಾಕ್ಟ್ರೇ. ನಾಲ್ಕನೇ ದರ್ಜೆ ನೌಕರರ ಅಳತೆ ಕಡತಕ್ಕೆ ಸೇರೋ ಹಾಗಿಲ್ಲ. ಮಾದರಿ ಗೆಜೆಟೆಡ್ ಅಧಿಕಾರಿಯದ್ದೇ ಆಗ್ಬೇಕು."

"ಹಂಗಾದ್ರ ಅದು ನಿಮ್ಮ ಬಾಯಿಗಷ್ಟ ಕೂಡತದ್ರಿ."

"ಕೂರ್ಲಿ ಬಿಡಿ. ಅಳತೆ ಅಧಿಕೃತವಾಗಿರೋದು ಮುಖ್ಯ" ಎಂದು ಸತ್ಯಮೂರ್ತಿಯವರು ಕುರ್ಚಿಯಲ್ಲಿ ಒರಗಿ ಬಾಯಿ ತೆರೆದರು.

ಮೂರು ತಿಂಗಳಿಗೆ ದಂತರಕ್ಷಕ ಬಂತು. ಚೆನ್ನಯನ ಬಾಯಿಗೆ ಅದು ಹಿಡಿಯಲೇ ಇಲ್ಲ. ಅವನು ಇನ್ನೊಂದು ಅರ್ಜಿ ಬರೆದ. ಅದು ನಿಯಂತ್ರಕರವರೆಗೆ ಹೋಗಿ ಆದೇಶವಾಗಿ ಮರಳಿತು:

"ದಂತರಕ್ಷಕವನ್ನು ಪರಿಶೀಲಿಸಲಾಗಿ, ಅದರಲ್ಲಿ ಯಾವ ದೋಷವೂ ಇಲ್ಲ. ದೋಷವು ಸದರಿ ಜವಾನನ ಬಾಯಿಯಲ್ಲಿದೆ. ಆದಕಾರಣ ದಂತರಕ್ಷಕವು ಯಾರಿಗೆ ಸರಿಹೊಂದುವುದೋ ಅವರೇ ಪಂದ್ಯದಲ್ಲಿ ಭಾಗವಹಿಸತಕ್ಕದ್ದು. ಅವರ ಮೇಜಿನ ಕೆಲಸವನ್ನು ಸದರಿ ಜವಾನನು ನಿರ್ವಹಿಸತಕ್ಕದ್ದು."

ಸತ್ಯಮೂರ್ತಿಯವರು ಆದೇಶವನ್ನು ಎರಡು ಸಲ ಓದಿದರು. ಎಲ್ಲಾದರೂ ತಪ್ಪು ಸಿಕ್ಕೀತೇ ಎಂದು ಮೂರನೆಯ ಸಲ ಓದಿದರು. ಸಿಗಲಿಲ್ಲ. "ನೋಡಿದೆ" ಎಂದು ಬರೆದು ಸಹಿ ಮಾಡಿದರು.

ಚೆನ್ನಯ ಹಳೆಯ ಕಡತಗಳ ಕೋಣೆಯಲ್ಲಿ ಅವರಿಗೆ ಬಾಕ್ಸಿಂಗ್ ಪಾಠ ಹೇಳಿದ. "ಕೈ ಮೇಲೆ ಹಿಡಿಯಿರಿ ಸಾರ್. ಕಣ್ಣು ಮುಚ್ಚಬೇಡಿ ಮಾರಾಯ್ರೆ, ಹೊಡೆಯುವುದು ಯಾರೆಂದು ನೋಡಬೇಕಲ್ಲ!"

"ನೋಡಿದ್ರೆ ಭಯ ಆಗುತ್ತಪ್ಪ" ಎಂದರು ಸತ್ಯಮೂರ್ತಿಯವರು.

ಕಾಂದಿವಲಿಯ ಮೈದಾನದಲ್ಲಿ ಪಂದ್ಯ ನಡೆಯಿತು. ಎದುರಾಳಿ ಹಗ್ಗ ನಿಯಂತ್ರಣ ಕಚೇರಿಯ ಕಾವಲುಗಾರ ಅಂಗಾರ. ಅವನು ಮೊದಲು ಬಗ್ಗಿ ಸಾಹೇಬರಿಗೆ ನಮಸ್ಕಾರ ಮಾಡಿದ, ಆಮೇಲೆ ಹೊಡೆದ. ಆಟ ನಲವತ್ತು ಸೆಕೆಂಡಿಗೆ ಮುಗಿಯಿತು. ಸತ್ಯಮೂರ್ತಿಯವರ ಮೂಗು ಮುರಿದಿತ್ತು, ಎರಡು ಪಕ್ಕೆಲುಬು ಬಿರುಕು ಬಿಟ್ಟಿದ್ದವು. ಹಲ್ಲು ಒಂದೂ ಅಲುಗಾಡಿರಲಿಲ್ಲ. ದಂತರಕ್ಷಕದ ಆಯ್ಕೆ ಸಂಪೂರ್ಣ ಯಶಸ್ವಿಯೆಂದು ವರದಿ ಹೋಯಿತು. ನಿಯಂತ್ರಕರು ಎರಡೂ ನೇಮಕಗಳನ್ನು ಖಾಯಂಗೊಳಿಸಿದರು.

ಅತ್ತ ಚೆನ್ನಯ ಮೇಜಿನ ಮೇಲೆ ಬಂದ ಪ್ರತಿ ಕಾಗದಕ್ಕೂ ಸಹಿ ಹಾಕುತ್ತಿದ್ದ. ಕಚೇರಿಯಲ್ಲಿ ವ್ಯತ್ಯಾಸವೇನೂ ಕಾಣಲಿಲ್ಲ. ಶೀಲಾವತಿ ಊರಿಗೆ ಹೋಗುವ ಮಾತೆತ್ತಲಿಲ್ಲ. ಗಂಡನ ಅಂಗಿಗೆ ಇಸ್ತ್ರಿ ಹಾಕಿಸತೊಡಗಿದಳು.

ನಾಲ್ಕು ದಿನದ ನಂತರ ಸತ್ಯಮೂರ್ತಿಯವರು ಮೂಗಿಗೆ ಪಟ್ಟಿ ಕಟ್ಟಿಕೊಂಡು ಬಂದು, ತಮ್ಮದೇ ಹಳೆಯ ಮೇಜಿನ ಮುಂದೆ ನಿಂತು, ಒಂದು ವಾರದ ರಜೆ ಅರ್ಜಿ ಇಟ್ಟರು. ಚೆನ್ನಯ ಗಡಬಡಿಸಿ ಎದ್ದ.

"ಕೂತ್ಕೊಳಪ್ಪ, ಆದೇಶ ಇದೆ."

ಚೆನ್ನಯ ಕುಳಿತು ಅರ್ಜಿ ಓದಿದ. ಪಟ್ಟಿ ಕಟ್ಟಿದ ಮೂಗನ್ನು ಬಹಳ ಹೊತ್ತು ನೋಡಿದ. "ಮೂಗು ಮುರಿದದ್ದಕ್ಕೆ ಸರ್ಟಿಫಿಕೇಟು ಉಂಟಾ ಸಾರ್? ಅದಿಲ್ಲದೆ ಆಗುವುದಿಲ್ಲ."

ಸತ್ಯಮೂರ್ತಿಯವರ ಕಣ್ಣು ತುಂಬಿ ಬಂತು. "ಸರಿಯಾಗಿ ಹೇಳಿದೆ ಕಣಯ್ಯ" ಎಂದು ಅವನ ಬೆನ್ನು ತಟ್ಟಿ, ಅರ್ಜಿ ಮಡಚಿಕೊಂಡು, ಸರಕಾರಿ ಆಸ್ಪತ್ರೆಯ ಸಾಲಿನಲ್ಲಿ ನಿಲ್ಲಲು ಹೊರಟರು.