ಮಕ್ತಲ್‌ನಲ್ಲೊಂದು ಸಮುದ್ರ

ನನಗೆ ಸಿಟ್ಟು ಬೇಗ ಬರುತ್ತದೆ. ಅದನ್ನು ಒಪ್ಪಿಕೊಳ್ಳಲು ನಾಚಿಕೆಯೇನಿಲ್ಲ. ನಾಚಿಕೆಯಾಗುವುದು, ಬಂದ ಸಿಟ್ಟನ್ನು ತಪ್ಪು ಮನುಷ್ಯರ ಮೇಲೆ ಇಳಿಸಿದ್ದೆ ಎಂದು ಆಮೇಲೆ ತಿಳಿದಾಗ. ಬಸ್ಸು ತಡವಾದರೆ ಕಂಡಕ್ಟರನ ಮೇಲೆ, ಮಜ್ಜಿಗೆ ಹುಳಿಯಾದರೆ ಎಮ್ಮೆಯ ಮೇಲೆ ರೇಗುವ ಪೈಕಿ ನಾನು. ಆದರೆ ತೆಲಂಗಾಣ ರಾಜ್ಯವಾದ ವರ್ಷದ ಬೇಸಿಗೆಯಲ್ಲಿ ನನಗೆ ಬಂದ ಸಿಟ್ಟಿಗೆ ಬಸ್ಸೂ ಕಾರಣವಲ್ಲ, ಎಮ್ಮೆಯೂ ಕಾರಣವಲ್ಲ. ಸಮುದ್ರ ಕಾರಣ. ನಮ್ಮ ಮಕ್ತಲ್‌ನಿಂದ ಯಾವ ದಿಕ್ಕಿಗೆ ಬಸ್ಸು ಹತ್ತಿದರೂ ಸಮುದ್ರ ಕಾಣುವಷ್ಟರಲ್ಲಿ ಸೊಂಟ ಬಿದ್ದುಹೋಗುತ್ತದೆ. ಅಂಥ ಊರಿನಲ್ಲಿ, ನಮ್ಮ ಮನೆಯ ಪಡಸಾಲೆಯಲ್ಲಿ, ನಾನೊಂದು ಸಮುದ್ರ ತಂದಿಟ್ಟುಕೊಂಡಿದ್ದೆ.

ಅದರ ಹುಚ್ಚು ಹಿಡಿದದ್ದು ರಾಯಚೂರಿನಲ್ಲಿ. ಹೆಂಡತಿ ಗಿರಿಜಾಳ ದವಡೆ ಹಲ್ಲು ಕೀಳಿಸಲು ಹೋಗಿದ್ದೆವು. ಡಾಕ್ಟರ ಕೋಣೆಯ ಹೊರಗೆ ದೊಡ್ಡ ಗಾಜಿನ ತೊಟ್ಟಿ, ಒಳಗೆ ಉಪ್ಪುನೀರು, ಹವಳದ ಕಲ್ಲು, ಬಿಳಿ ಪಟ್ಟೆಯ ಕಿತ್ತಳೆ ಮೀನು. ಹಲ್ಲು ಕೀಳಿಸಿಕೊಂಡು, ಬಾಯಲ್ಲಿ ಹತ್ತಿ ಕಚ್ಚಿಕೊಂಡು ಗಿರಿಜಾ ಎದುರು ಬಂದು ನಿಂತರೂ ನಾನು ತೊಟ್ಟಿಯಿಂದ ಕಣ್ಣು ಕೀಳಲಿಲ್ಲವಂತೆ. ಬಾಯಿ ಬಿಡುವಂತಿರಲಿಲ್ಲವಾದ್ದರಿಂದ ಅವಳು ನನ್ನ ರಟ್ಟೆ ಚಿವುಟಿದಳು. ನಾನು ಊರಿನ ಕನ್ನಡ ಶಾಲೆಯಲ್ಲಿ ವಿಜ್ಞಾನ ಕಲಿಸುವ ಮೇಷ್ಟ್ರು. ನೀರು, ಉಪ್ಪು, ಬೆಳಕು, ಇದರಲ್ಲೇನು ಮಹಾ ವಿದ್ಯೆ ಅನಿಸಿತು. ಹೈದರಾಬಾದಿನ ಅಂಗಡಿಯೊಂದರಿಂದ ತೊಟ್ಟಿ, ಪಂಪು, ಕಲ್ಲು, ಸಮುದ್ರದ ಉಪ್ಪಿನ ಚೀಲ, ನೀರಿನಲ್ಲಿ ಉಪ್ಪು ಎಷ್ಟಿದೆ ಎಂದು ತೇಲಿ ತೋರಿಸುವ ಒಂದು ಗಾಜಿನ ಕೊಳವೆ, ಎಲ್ಲ ತಂದೆ. ಅಂಗಡಿಯವನು ಎರಡು ಮಾತು ಹೇಳಿದ್ದ. ಮೊದಲ ತಿಂಗಳು ಮೀನು ಬಿಡಬೇಡಿ, ಶುದ್ಧ ಮಾಡಿದ ನೀರನ್ನೇ ಹಾಕಿ. ಮೊದಲನೆಯದನ್ನು ಪಾಲಿಸಿದೆ. ಎರಡನೆಯದಕ್ಕೆ ಮಾತ್ರ, ನಾವು ಮನುಷ್ಯರು ಕುಡಿಯುವ ಬೋರಿನ ನೀರು ಮೀನಿಗೆ ಸಾಲದೇ ಎಂದು ರೇಗಿ ಬಂದಿದ್ದೆ.

ಮೇ ತಿಂಗಳಲ್ಲಿ ಐದು ಮೀನು ಬಂದವು. ಒಂದು ವಾರ ಮನೆಯೇ ಬದಲಾಗಿಹೋಯಿತು. ಮಧ್ಯಾಹ್ನ ಊಟವಾದ ಮೇಲೆ ಗಿರಿಜಾ ತೊಟ್ಟಿಯ ಮುಂದೆ ಮಣೆ ಹಾಕಿಕೊಂಡು ಕೂರುವಳು. ಅವಳು ಗಾಜಿಗೆ ಬೆರಳು ತಾಗಿಸಿದರೆ ಕಿತ್ತಳೆ ಮೀನು ಓಡಿ ಬಂದು ಆ ಬೆರಳಿನ ಹಿಂದೆಯೇ ಸುತ್ತುವುದು. ನಾನು ಬೆರಳು ಇಟ್ಟರೆ ಬರುತ್ತಿರಲಿಲ್ಲ. ಅದಕ್ಕೂ ಸ್ವಲ್ಪ ಸಿಟ್ಟು ಬಂದಿತ್ತೆನ್ನಿ.

ಎರಡನೆಯ ವಾರ ಕಲ್ಲಿನ ಮೇಲೆ ಕಂದು ಧೂಳಿನಂಥದ್ದು ಕೂತಿತು. ಆಮೇಲೆ ಅದು ಹೋಗಿ ಹಸಿರು ಪಾಚಿ ಬಂತು, ಕೂದಲಿನ ಹಾಗೆ ಉದ್ದುದ್ದ. ಬೆಳಿಗ್ಗೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕಲ್ಲಿಗೆ ಕ್ಷೌರ ಮಾಡಿದರೆ ಮೂರನೆಯ ದಿನಕ್ಕೆ ಮತ್ತೆ ಜಡೆ ಹೆಣೆಯುವಷ್ಟು. ಆ ನಡುವೆಯೇ ಒಂದು ಮೀನು ಮಗುಚಿಕೊಂಡು ತೇಲಿತು. ನಾನು ನೇರವಾಗಿ ಓಡಿದ್ದು ಕರೆಂಟಿನ ಲೈನ್‌ಮನ್‌ ಹತ್ತಿರ. ಹೀಗೆ ದಿನಾ ಕರೆಂಟು ಹೋಗಿ ಪಂಪು ನಿಂತರೆ ಮೀನಿಗೆ ಉಸಿರು ಎಲ್ಲಿಂದ ಬರಬೇಕು ಎಂದು ಕಂಬದ ಕೆಳಗೆ ನಿಂತು ಕೂಗಿದೆ. ಅವನು ಕಂಬದ ಮೇಲಿಂದಲೇ, "ಸಾರ್, ಕೊತ್ತ ರಾಷ್ಟ್ರಂ ವಸ್ತಾಂದಿ ಗದಾ, ಕರೆಂಟ್ ಕೂಡಾ ವಸ್ತದಿ" ಅಂದ. ಹೊಸ ರಾಜ್ಯ ಬರುತ್ತಿದೆ, ಅದರ ಜೊತೆ ಕರೆಂಟೂ ಬರುತ್ತದಂತೆ. ಮೀನು ಅಲ್ಲಿಯತನಕ ಉಸಿರು ಬಿಗಿಹಿಡಿದಿರಬೇಕಂತೆ!

ಎರಡನೆಯ ಮೀನು ಸತ್ತಾಗ ಅಂಗಡಿಯವನಿಗೆ ಫೋನು. "ಪಾನೀ ಮೇ ಗಡ್‌ಬಡ್ ಹೈ ಸಾಬ್, ಕೊಳವೆ ಏನ್ ತೋರಿಸ್ತೈತಿ ನೋಡ್ರಿ" ಅಂದ, ಅರ್ಧ ಹಿಂದಿ ಅರ್ಧ ಕನ್ನಡದಲ್ಲಿ. ನೀರಿನಲ್ಲೇ ಏನೋ ಎಡವಟ್ಟಂತೆ. ನೋಡಿದೆ. ಅದು ದಿನದಿಂದ ದಿನಕ್ಕೆ ಮೇಲೆ ಮೇಲೆ ತೇಲುತ್ತಿತ್ತು. ಉಪ್ಪು ಹೆಚ್ಚಾಗಿದೆ ಎಂದು ಅದರ ಅರ್ಥ. ನಾನು ಅಳೆದು ಕಲಸಿದ ಉಪ್ಪು ಹೆಚ್ಚಾಗಲು ಹೇಗೆ ಸಾಧ್ಯ? ಕೊಳವೆಯೇ ಕೆಟ್ಟಿದೆ, ಕೆಟ್ಟ ಮಾಲು ಕೊಟ್ಟು ಮೇಷ್ಟ್ರಿಗೆ ಮೋಸ ಮಾಡುತ್ತೀಯಾ ಎಂದು ಬಾಯಿಗೆ ಬಂದದ್ದು ಬೈದು, ಕೊಳವೆಯನ್ನು ಕಪಾಟಿನ ಮೇಲೆ ತಳ್ಳಿಬಿಟ್ಟೆ.

ರಾಜ್ಯ ಉದಯವಾದ ದಿನ ಬೆಳಿಗ್ಗೆ ಓಣಿಯಲ್ಲೆಲ್ಲ ಸಿಹಿ ಹಂಚುತ್ತಿದ್ದರು. ನಮ್ಮ ಮನೆಗೂ ಲಾಡು ಬಂತು. ಒಂದು ಕೈಯಲ್ಲಿ ಲಾಡು ಹಿಡಿದು ಇನ್ನೊಂದು ಕೈಯಿಂದ ಮೂರನೆಯ ಮೀನನ್ನು ಎತ್ತಿದೆ. ಆಂಧ್ರಪ್ರದೇಶದಲ್ಲಿ ಕೊಂಡ ಮೀನು ತೆಲಂಗಾಣದಲ್ಲಿ ಸತ್ತಿತು. ಆವತ್ತು ಪಟಾಕಿ ಹೊಡೆದವರನ್ನು ಬೈದೆ, ಆದರೆ ಮೆಲ್ಲಗೆ, ಯಾರಿಗೂ ಕೇಳದ ಹಾಗೆ.

ನಾಲ್ಕನೆಯದು ಆ ಕಿತ್ತಳೆ ಮೀನು. ಗಿರಿಜಾ ಅದನ್ನು ಅಂಗೈಯಲ್ಲಿಟ್ಟುಕೊಂಡು ನಿಂತಿದ್ದಳು. ಆ ಹೊತ್ತಿನಲ್ಲಿ ನಾನು ಅಂದದ್ದು ಇಷ್ಟು: "ನಿನ್ನ ಫಿನಾಯಿಲ್ ವಾಸನಿಗೇ ಸತ್ತೈತಿ ಇದು. ನೆಲಾ ಒರಸಬ್ಯಾಡ ಅಂದ್ರ ಕೇಳ್ತಿಯೇನು?"

"ಫಿನಾಯಿಲ್ ಬಿಟ್ಟು ಹದಿನೈದು ದಿನ ಆತ್ರೀ. ಬರೇ ನೀರಿಲೆ ಒರಸಾಕ ಹತ್ತೀನಿ" ಅಂದಳು. ಮೀನನ್ನು ದಾಸವಾಳದ ಗಿಡದ ಬುಡದಲ್ಲಿ ಮಣ್ಣು ಮಾಡಿ ಬಂದು ಕೈತೊಳೆದಳು. ಅವತ್ತಿನಿಂದ ನನ್ನ ಜೊತೆ ಮಾತು ನಿಂತಿತು. ಚಹಾ ಬರುತ್ತಿತ್ತು, ಊಟ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ತೊಟ್ಟಿಯಲ್ಲಿ ಉಳಿದದ್ದು ಒಂದೇ ಒಂದು ನೀಲಿ ಮೀನು. ಮಹಾ ಸಿಡುಕಿನದು, ಬ್ರಷ್ಷು ಹಾಕಿದರೆ ಬ್ರಷ್ಷಿಗೇ ಕಚ್ಚಲು ಬರುವಂಥದ್ದು.

ನಾಲ್ಕು ದಿನ ಕಳೆದ ಮೇಲೆ ಗದ್ವಾಲದಿಂದ ಮಾವನವರು ಬಂದರು. ಸೀರೆ ನೇಯುವವರಿಗೆ ನೂಲಿಗೆ ಬಣ್ಣ ಹಾಕಿಕೊಡುವುದೇ ಅವರ ಜೀವಮಾನದ ಕಸುಬು, ಉಗುರಿನ ಸಂದಿಯಲ್ಲಿ ಈಗಲೂ ಕೆಂಪು ಕೂತಿದೆ. ಮಗಳ ಮುಖ ನೋಡಿದರು, ನನ್ನ ಮುಖ ನೋಡಿದರು, ತೊಟ್ಟಿಯ ಹತ್ತಿರ ಹೋಗಿ ಬೆರಳು ಅದ್ದಿ ನಾಲಗೆಗೆ ಇಟ್ಟುಕೊಂಡರು. ಮುಖ ಕಿವುಚಿತು.

"ಅಳಿಯಾರ, ಉಪ್ಪಿನಕಾಯಿ ಹಾಕೀರೇನ್ರಿ? ದಿನಾ ಏನ್ ಹಾಕ್ತೀರಿ ಇದರಾಗ?"

"ಈ ಬಿಸಲಿಗೆ ನೀರು ಇಳೀತೈತ್ರಿ ಮಾವಾರ. ಇಳದಷ್ಟು ಉಪ್ಪಿನ ನೀರು ಕಲಸಿ ಹಾಕ್ತೀನಿ. ಸಮುದ್ರದ ಮೀನಲ್ಲೇನ್ರಿ."

ಮಾವನವರು ಒದ್ದೆ ಬೆರಳನ್ನು ಧೋತರಕ್ಕೆ ಒರೆಸಿಕೊಂಡರು. "ನಮ್ಮ ಬಣ್ಣದ ಹಂಡ್ಯಾಗೂ ಕುದಿಯೋಮುಂದ ನೀರು ಹೋಗತೈತ್ರಿ. ಬಣ್ಣ ಎಲ್ಲಿ ಹೋಗತೈತಿ? ಅಲ್ಲೇ ಇರತೈತಿ. ಅದಕ್ಕ ಮ್ಯಾಲ ಬರೇ ನೀರು ಹಾಕಬೇಕು. ಮತ್ತ ಬಣ್ಣದ ನೀರೇ ಹಾಕ್ಕೋಂತ ಹೋದ್ರ ಕೆಂಪು ಸೀರಿ ಕರೇದಾಗಿ ಕುಂದರತೈತಿ."

ನನ್ನ ಕಿವಿ ಬಿಸಿಯಾಯಿತು. ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ. ಪ್ರತಿವರ್ಷ ಬೋರ್ಡಿನ ಮೇಲೆ ಉಪ್ಪಿನ ಗದ್ದೆಯ ಚಿತ್ರ ಬರೆದು, ಬಣ್ಣದ ಸೀಮೆಸುಣ್ಣದಲ್ಲಿ ಬಾಣ ಹಾಕಿ ಮಕ್ಕಳಿಗೆ ಕಲಿಸುವ ಪಾಠ. ದಿನಾ ಉಪ್ಪಿನ ಮೇಲೆ ಉಪ್ಪು ಸುರಿದು ನಾಲ್ಕು ಜೀವ ತೆಗೆದದ್ದು ಲೈನ್‌ಮನ್‌ ಅಲ್ಲ, ಫಿನಾಯಿಲ್ಲೂ ಅಲ್ಲ. ನಮ್ಮ ಬೋರಿನಲ್ಲಿ ಹೊಲದ ಗೊಬ್ಬರದ ಅಂಶವೂ ಇರುತ್ತದೆ. ಅದೂ ಬಕೆಟ್ಟು ಬಕೆಟ್ಟಾಗಿ ಒಳಗೇ ಉಳಿದು ಪಾಚಿಗೆ ಔತಣವಾಗಿತ್ತು.

ಮರುದಿನದಿಂದ ವಾಟರ್ ಪ್ಲಾಂಟಿನ ಕ್ಯಾನು ತರಿಸಿದೆ. ದಿನಕ್ಕೆ ಸ್ವಲ್ಪವೇ ಹಳೆಯ ನೀರು ತೆಗೆದು ಸಿಹಿನೀರು ಹಾಕುತ್ತಾ ಬಂದೆ. ಕಪಾಟಿನ ಮೇಲಿದ್ದ ಕೊಳವೆಯನ್ನು ತಂದು ಮತ್ತೆ ತೇಲಿಬಿಟ್ಟೆ, ಅದು ಸರಿಯಾದ ಗೆರೆಗೆ ಇಳಿಯಿತು. ಅದೇನೂ ಕೆಟ್ಟಿರಲಿಲ್ಲ. ತಿಂಗಳು ಕಳೆಯುವಷ್ಟರಲ್ಲಿ ಪಾಚಿ ಎಳೆ ಎಳೆಯಾಗಿ ಕಲ್ಲಿನಿಂದ ಕಳಚಿಕೊಂಡಿತು. ನೀಲಿ ಮೀನು ಬದುಕಿತು.

ಒಂದು ಭಾನುವಾರ ಧೈರ್ಯ ಮಾಡಿ ಅಂಗಡಿಯವನಿಗೆ ಫೋನು ಹಚ್ಚಿದೆ. ಅಡುಗೆಮನೆಗೆ ಕೇಳುವಷ್ಟು ದೊಡ್ಡ ದನಿಯಲ್ಲಿ ಹೇಳಿದೆ: "ತಪ್ಪು ನಂದೇರಿ. ಯಾರ್ದೂ ಇಲ್ಲ. ಸುಮ್‌ಸುಮ್ನ ಬೈದೆ, ಮನಸಿಗೆ ಹಚ್ಕೋಬ್ಯಾಡ್ರಿ."

ಫೋನಿಟ್ಟೆ. ಒಳಗಿನಿಂದ, ಎಷ್ಟೋ ದಿನಗಳ ಮೇಲೆ, ಗಿರಿಜಾಳ ದನಿ ಬಂತು.

"ಹೈದರಾಬಾದಿಗೆ ಮುಟ್ಟಿತ್ರಿ. ಅಡಗಿಮನಿಗೆ ಇನ್ನಾ ಮುಟ್ಟಿಲ್ಲ."

ಪಡಸಾಲೆಯಿಂದ ಅಡುಗೆಮನೆಗೆ ಎಂಟು ಹೆಜ್ಜೆ. ನಾಲ್ಕು ಹಾಕಿದೆ. ಐದನೆಯದಕ್ಕೆ, ಹೊಸ್ತಿಲನ್ನು ಇಷ್ಟು ಎತ್ತರ ಕಟ್ಟಿದ ಗೌಂಡಿಯ ಮೇಲೆ ಸಿಟ್ಟು ಬಂತು.